ಹುಳಿ ಬದಲಾಗುವ ದಾರಿ

ಕೊಣನೂರಿನ ಹುಣಸೆ ಗೊಜ್ಜಿನಿಂದ ಕೊಡಗಿನ ಕಾಚಂಪುಳಿಯವರೆಗೆ ಇರುವುದು ಒಂದೇ ಹೆದ್ದಾರಿ. ಅಂಗಡಿಯಲ್ಲಿ ಹಣ ಕೊಟ್ಟು ತರುವ ‘ಬಾರ್ಬೆಕ್ಯೂ ಸಾಸ್’ನ ರುಚಿಯೆಲ್ಲ ಈ ದಾರಿಯ ಅಡುಗೆಮನೆಗಳಲ್ಲೇ ಇದೆ. ಇಲ್ಲದ್ದು ಒಂದೇ: ಅದನ್ನು ಕುದಿಸುವಷ್ಟು ಪುರುಸೊತ್ತು!

ವಾರಾಂತ್ಯ ಬಂತೆಂದರೆ ಅರಕಲಗೂಡು ತಾಲ್ಲೂಕಿನ ಕೊಣನೂರನ್ನು ದಾಟಿ ಕೊಡಗಿನತ್ತ ಹೋಗುವ ವಾಹನಗಳು ಹೆಚ್ಚುತ್ತವೆ. ಊರಿನ ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ; ಹೊಳೆಗೆ ಅಡ್ಡಲಾಗಿ ತೂಗುಸೇತುವೆ ಇದೆ. ಒಂದಿಷ್ಟು ಜನ ಇಳಿದು ಸೇತುವೆ ನೋಡುತ್ತಾರೆ, ಕಾಫಿ ಕುಡಿಯುತ್ತಾರೆ, ಮತ್ತೆ ಹೊರಡುತ್ತಾರೆ. ಅವರ ಚೀಲದಲ್ಲಿ ಬ್ರೆಡ್ಡು, ಬಿಸ್ಕತ್ತು, ಮಸಾಲೆ ಹಚ್ಚಿದ ಕೋಳಿಯ ಜೊತೆಗೆ ಇತ್ತೀಚೆಗೆ ಒಂದು ಬಾಟಲಿಯೂ ಇರುತ್ತದೆ. ಕಂದು ಬಣ್ಣದ, ಮಂದವಾದ, ಸಿಹಿ-ಹುಳಿ-ಖಾರ-ಹೊಗೆ ವಾಸನೆಯ ಬಾರ್ಬೆಕ್ಯೂ ಸಾಸ್. ಸಂಜೆ ಯಾವುದೋ ತೋಟದ ಹೋಂಸ್ಟೇ ಅಂಗಳದಲ್ಲಿ ಇದ್ದಿಲು ಹೊತ್ತಿಸಿ, ಸರಳಿಗೆ ಚುಚ್ಚಿದ ಕೋಳಿಗೋ ಪನೀರಿಗೋ ಅದನ್ನು ಬಳಿಯಬೇಕಲ್ಲ!

ತಮಾಷೆಯೆಂದರೆ, ಆ ಅಂಗಳದಿಂದ ಹತ್ತು ಹೆಜ್ಜೆ ಒಳಗೆ, ಅಡುಗೆಮನೆಯ ಕಪಾಟಿನಲ್ಲಿ ಇನ್ನೊಂದು ಬಾಟಲಿ ಇರುವ ಸಾಧ್ಯತೆ ಹೆಚ್ಚು. ಅದರ ಮೇಲೆ ಚೀಟಿ ಇಲ್ಲ, ಚಿತ್ರವಿಲ್ಲ. ಒಳಗಿರುವುದು ಕಾಡಿಗೆಯಂತೆ ಕಪ್ಪಾದ ಒಂದು ರಸ. ಅದೇ ಕಾಚಂಪುಳಿ. ಹಂದಿ ಮಾಂಸದ ಕೊಡವ ಅಡುಗೆಗೆ ಬಣ್ಣ, ಹುಳಿ, ಗತ್ತು ಎಲ್ಲವನ್ನೂ ಕೊಡುವುದು ಅದು. ಹೊರಗಿನ ಬಾಟಲಿ ಕಾರ್ಖಾನೆಯಿಂದ ಬಂದದ್ದು, ಒಳಗಿನದು ಮರದಿಂದ ಬಂದದ್ದು. ಎರಡೂ ಮಾಡುವ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ.

ಸಾಸ್ ಎಂದರೇನು?

ಹೆಸರು ಪರದೇಶದ್ದಾದರೂ ವಿಷಯ ಸರಳ. ಕೆಂಡದ ಮೇಲೆ ಬೇಯಿಸಿದ ಪದಾರ್ಥ ಒಣಗುತ್ತದೆ, ಹೊರಮೈ ಕಪ್ಪಾಗುತ್ತದೆ, ಸ್ವಲ್ಪ ಕಹಿಯೂ ಆಗುತ್ತದೆ. ಕೊಬ್ಬಿರುವ ಮಾಂಸವಾದರೆ ನಾಲಿಗೆಗೆ ಜಿಡ್ಡು ಅಂಟುತ್ತದೆ. ಒಣಗಿದ್ದಕ್ಕೆ ರಸ ಬೇಕು, ಕಹಿಗೆ ಸಿಹಿ ಬೇಕು, ಜಿಡ್ಡು ಕಳೆಯಲು ಹುಳಿ ಬೇಕು, ಇವೆಲ್ಲವನ್ನೂ ಎಬ್ಬಿಸಿ ನಿಲ್ಲಿಸಲು ಉಪ್ಪು-ಖಾರ ಬೇಕು. ಈ ನಾಲ್ಕನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ ಮಂದ ಮಾಡಿದರೆ ಅದೇ ಬಾರ್ಬೆಕ್ಯೂ ಸಾಸ್.

ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಕಟ್ಟಿಗೆಯ ಅಟ್ಟಣೆಯ ಮೇಲೆ ಮಾಂಸವಿಟ್ಟು ಕೆಳಗೆ ಬೆಂಕಿ ಹಾಕುತ್ತಿದ್ದರು. ಸ್ಪೇನಿನವರು ಅದನ್ನು ‘ಬಾರ್ಬಕೋವ’ ಎಂದು ಕರೆದರು. ಆ ಮಾತೇ ಮುಂದೆ ಬಾರ್ಬೆಕ್ಯೂ ಆಯಿತು. ಅಮೆರಿಕದಲ್ಲಿ ಅದಕ್ಕೆ ಹಚ್ಚುವ ಸಾಸ್ ಊರಿಂದೂರಿಗೆ ಬದಲಾಗುತ್ತದೆ. ಉತ್ತರ ಕೆರೊಲಿನಾದ ಪೂರ್ವ ಭಾಗದಲ್ಲಿ ಬರೀ ವಿನೆಗರ್ ಮತ್ತು ಮೆಣಸಿನ ತೆಳು ರಸ. ದಕ್ಷಿಣ ಕೆರೊಲಿನಾದ ಕೆಲವೆಡೆ ಸಾಸಿವೆಯ ಹಳದಿ ಸಾಸ್. ಕಾನ್ಸಾಸ್ ಸಿಟಿಯಲ್ಲಿ ಟೊಮೆಟೊ ಮತ್ತು ಕಾಕಂಬಿ ಸೇರಿದ ದಪ್ಪನೆಯ ಸಿಹಿ ಸಾಸ್. ಅಲಬಾಮದಲ್ಲಿ ಮೇಯನೇಸಿನ ಬಿಳಿ ಸಾಸೂ ಉಂಟು. ಇವುಗಳಲ್ಲಿ ಕಾನ್ಸಾಸ್ ಸಿಟಿಯ ದಪ್ಪ ಸಾಸೇ ಬಾಟಲಿಗಿಳಿದು ಲೋಕ ಸುತ್ತಿ ನಮ್ಮೂರ ಅಂಗಡಿಗೂ ಬಂದಿರುವುದು.

ಇನ್ನೊಂದು ಸ್ವಾರಸ್ಯವಿದೆ. ಅಮೆರಿಕದ ಅನೇಕ ಮನೆಗಳಲ್ಲಿ ಬಾರ್ಬೆಕ್ಯೂ ಸಾಸ್ ಮಾಡುವಾಗ ಇಂಗ್ಲೆಂಡಿನ ವೂಸ್ಟರ್ ಸಾಸನ್ನು ಒಂದೆರಡು ಚಮಚ ಸುರಿಯುತ್ತಾರೆ. 1830ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಆ ಸಾಸಿನ ಒಂದು ಮುಖ್ಯ ಪದಾರ್ಥ ಯಾವುದೆಂದುಕೊಂಡಿರಿ? ಹುಣಸೆಹಣ್ಣು! ಹುಣಸೆ ಮರದ ಮೂಲ ಆಫ್ರಿಕ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಆದರೆ ಅದು ನಮ್ಮದಾಗಿ ಎಷ್ಟು ಕಾಲವಾಯಿತೆಂದರೆ, ಅರಬರು ಅದಕ್ಕೆ ‘ಹಿಂದ್ ದೇಶದ ಖರ್ಜೂರ’ ಎಂದೇ ಹೆಸರಿಟ್ಟರು. ಇಂಗ್ಲಿಷಿನ ‘ಟ್ಯಾಮರಿಂಡ್’ ಹುಟ್ಟಿದ್ದು ಆ ಹೆಸರಿನಿಂದ. ನಮ್ಮ ಹುಣಸೆ ಅತ್ತ ಹೋಯಿತು. ಅವರ ಮೆಣಸಿನಕಾಯಿ, ಟೊಮೆಟೊ ಪೋರ್ಚುಗೀಸರ ಹಡಗಿನ ಕಾಲದ ನಂತರ ಇತ್ತ ಬಂದವು. ಸಾಸಿನ ವಿಷಯದಲ್ಲಿ ಯಾರು ಯಾರಿಗೂ ಸಾಲಗಾರರಲ್ಲ.

ಕೊಣನೂರಿನ ಗೊಜ್ಜು

ಕೊಣನೂರು ಅತ್ತ ಮಲೆನಾಡೂ ಅಲ್ಲದ ಇತ್ತ ಬಯಲುಸೀಮೆಯೂ ಅಲ್ಲದ ನಡುಸೀಮೆ. ಹೊಲದಲ್ಲಿ ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು, ಶುಂಠಿ. ಹೊಳೆನೀರು ಹರಿಯುವಲ್ಲಿ ಭತ್ತ. ಊಟವೆಂದರೆ ಮುದ್ದೆ. ಮುದ್ದೆಗೆ ತನ್ನದೇ ರುಚಿ ಕಡಿಮೆ. ಅದನ್ನು ಗಂಟಲಿಗಿಳಿಸಲು ಜೊತೆಯಲ್ಲಿರುವುದು ಚುರುಕಾಗಿರಬೇಕು. ಹಾಗಾಗಿ ಈ ಸೀಮೆಯ ಹೆಂಗಸರು ಹುಳಿ-ಖಾರ-ಬೆಲ್ಲದ ಹದದಲ್ಲಿ ಪಳಗಿದವರು.

ಕೆಂಡದ ಅಡುಗೆ ಇಲ್ಲಿಗೆ ಹೊಸದೇನಲ್ಲ. ಒಲೆಯ ಬೂದಿಯಲ್ಲಿ ಹುದುಗಿಸಿಟ್ಟ ಗೆಣಸು, ಆಲೂಗಡ್ಡೆ, ಕೆಂಡದ ಮೇಲೆ ಚಟಪಟ ಸಿಡಿಯುವ ಜೋಳದ ತೆನೆ, ಸುಟ್ಟ ಒಣಮೀನು, ಪುಕ್ಕ ಕಿತ್ತು, ಅರಿಶಿನ ಸವರಿ, ಉರಿಯ ಮೇಲೆ ಹಿಡಿದ ನಾಟಿಕೋಳಿ, ಹಬ್ಬದ ಮರುದಿನ ಸುಟ್ಟು ಹೆರೆಯುವ ತಲೆ-ಕಾಲು. ಮಾಂಸ ಮುಟ್ಟದವರ ಮನೆಯಲ್ಲಿ ಸುಟ್ಟ ಬದನೆಕಾಯಿ. ಎಣ್ಣೆ ಸವರಿದ ಬದನೆಕಾಯಿಯನ್ನು ಕೆಂಡಕ್ಕಿಟ್ಟು, ಸಿಪ್ಪೆ ಕಪ್ಪಾಗಿ ಒಡೆದ ಮೇಲೆ ಸುಲಿದು, ಕಿವುಚಿ, ಅದಕ್ಕೆ ಹುಣಸೆರಸ, ಉಪ್ಪು, ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಹಸಿ ಈರುಳ್ಳಿ, ಚೂರು ಬೆಲ್ಲ. ಹೊಗೆ, ಹುಳಿ, ಸಿಹಿ, ಖಾರ, ನಾಲ್ಕೂ ಬಂದವಲ್ಲವೆ? ಬಾರ್ಬೆಕ್ಯೂ ಸಾಸಿನಲ್ಲಿ ಇರುವುದೂ ಇವೇ ನಾಲ್ಕು. ಒಂದೇ ವ್ಯತ್ಯಾಸ: ಅಲ್ಲಿ ಹೊಗೆಯ ಪದಾರ್ಥಕ್ಕೆ ಸಾಸನ್ನು ಹೊರಗಿನಿಂದ ಬಳಿಯುತ್ತಾರೆ, ಇಲ್ಲಿ ಒಳಗೇ ಕಲಸುತ್ತಾರೆ.

ಈ ಗೊಜ್ಜಿಗೆ ಆಧಾರ ಹುಣಸೆ. ಶಿವರಾತ್ರಿಯ ಆಸುಪಾಸಿನಲ್ಲಿ ಮರ ಬಡಿದು ಹಣ್ಣು ಉದುರಿಸಿ, ಬಿಸಿಲಿಗೆ ಹಾಕಿ, ಓಡು ಬಿಡಿಸಿ, ಕುಟ್ಟಿ ಬೀಜ ತೆಗೆದು, ನಾರು ಕಿತ್ತು, ಕಲ್ಲುಪ್ಪಿನೊಂದಿಗೆ ಮಡಕೆಯಲ್ಲಿ ಒತ್ತಿ ಇಡುವುದು ವರ್ಷಕ್ಕೊಮ್ಮೆಯ ಕೆಲಸ. ಹೊಸ ಹುಣಸೆ ಕೆಂಪಗೆ, ತೀಕ್ಷ್ಣ. ಹಳೆಯದು ಕಪ್ಪಗೆ, ಮೆತ್ತಗೆ. ಹುಳಿಯ ಹಿಂದೆ ಖರ್ಜೂರದಂಥ ಸಿಹಿ. ಸಾರಿಗೆ ಹೊಸದು ಒಗ್ಗಿದರೆ ಗೊಜ್ಜಿಗೆ, ಸಾಸಿಗೆ ಹಳೆಯದೇ ಸರಿ. ಬಣ್ಣವೂ ಅದರಿಂದಲೇ ಬರುತ್ತದೆ. ಕೃತಕ ಬಣ್ಣದ ಹಂಗಿಲ್ಲ.

ಸಾಸನ್ನು ಮಂದ ಮಾಡುವುದು ಹೇಗೆ? ಕಾರ್ಖಾನೆಯವರು ಪಿಷ್ಟವನ್ನೋ ಗೋಂದನ್ನೋ ಬೆರೆಸುತ್ತಾರೆ. ಹಳ್ಳಿಯ ಉತ್ತರ ಬೇರೆ: ಕುದಿಸು, ಇನ್ನೂ ಕುದಿಸು. ಹುರುಳಿ ಬೇಯಿಸಿ ಬಸಿದ ಕಟ್ಟನ್ನೇ ನೋಡಿ. ಸಣ್ಣ ಉರಿಯಲ್ಲಿ ಕುದಿಕುದಿದು ಅದು ಕಂದು ಬಣ್ಣಕ್ಕೆ ತಿರುಗಿ, ಮಾಂಸದ ಸಾರಿನಷ್ಟೇ ಗಾಢವಾಗುತ್ತದೆ. ಒಂದೆರಡು ಸೌಟು ಗಟ್ಟಿ ಹುರುಳಿ ಕಟ್ಟು ಬಿದ್ದ ಸಾಸಿಗೆ ಬೇರೆ ಯಾವ ರುಚಿವರ್ಧಕವೂ ಬೇಡ.

ಗಡಿ ದಾಟಿದರೆ ಹುಳಿ ಬೇರೆ

ಕೊಣನೂರಿನ ಹೆಸರು ಕೊಡಗಿನ ಜನರಿಗೆ ಚಿರಪರಿಚಿತ. ಕಾರಣ, ‘ಕೊಣನೂರು-ಮಾಕುಟ್ಟ ರಾಜ್ಯ ಹೆದ್ದಾರಿ’. ಇಲ್ಲಿಂದ ಹೊರಟ ದಾರಿ ಶಿರಂಗಾಲದಲ್ಲಿ ಕೊಡಗು ಜಿಲ್ಲೆಯನ್ನು ಹೊಕ್ಕು, ಹೆಬ್ಬಾಲೆ, ಕೂಡಿಗೆ, ಕುಶಾಲನಗರ, ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆಗಳನ್ನು ಹಾಯ್ದು, ಮಳೆಕಾಡಿನ ನಡುವೆ ಇಳಿದು ಕೇರಳದ ಗಡಿಯ ಮಾಕುಟ್ಟ ಸೇರುತ್ತದೆ. ಈ ದಾರಿಯಲ್ಲಿ ಸಾಗಿದಂತೆ ಮಳೆ ಹೆಚ್ಚುತ್ತದೆ, ರಾಗಿ ಹೊಲ ಹೋಗಿ ಕಾಫಿ ತೋಟ ಬರುತ್ತದೆ, ಮುದ್ದೆ ಹೋಗಿ ಕಡುಬು ಬರುತ್ತದೆ. ಅದರ ಜೊತೆಗೇ ಇನ್ನೊಂದು ಬದಲಾವಣೆಯೂ ಆಗುತ್ತದೆ: ಮಡಕೆಯ ಹುಣಸೆ ಹಿಂದೆ ಸರಿದು ಬಾಟಲಿಯ ಕಾಚಂಪುಳಿ ಮುಂದೆ ಬರುತ್ತದೆ.

ಬಯಲಿನ ಬಿಸಿಲನ್ನು ಬಯಸುವ ಹುಣಸೆ ಮರ ಜಡಿಮಳೆಯ ಸೀಮೆಗೆ ಒಗ್ಗದು. ಆದರೆ ಪ್ರಕೃತಿ ಅಲ್ಲಿನವರಿಗೆ ಹುಳಿಯಿಲ್ಲದಂತೆ ಮಾಡಲಿಲ್ಲ; ಬೇರೆ ಮರ ಕೊಟ್ಟಿತು. ಅದು ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಮರ. ಸಸ್ಯಶಾಸ್ತ್ರದ ಹೆಸರು ಗಾರ್ಸೀನಿಯ ಗಮ್ಮಿ-ಗಟ್ಟ. ಮಲೆನಾಡು, ಉತ್ತರ ಕನ್ನಡದವರಿಗೆ ಅದು ಉಪ್ಪಾಗೆ, ಕೆಲವೆಡೆ ಮಂತುಹುಳಿ, ಕೇರಳದಲ್ಲಿ ಕೊಡಂಪುಳಿ. ನಮ್ಮ ಶರಬತ್ತಿನ ಮುರುಗಲು ಅಥವಾ ಪುನರ್ಪುಳಿಯ ದಾಯಾದಿ. ಹಣ್ಣು ಪುಟ್ಟ ಕುಂಬಳದಂತೆ ಉದ್ದುದ್ದ ಗೀರುಗಳಿರುವ ಹಳದಿ ಗುಂಡು. ಹಣ್ಣಾಗುವುದು ಸರಿಯಾಗಿ ಮಳೆಗಾಲದಲ್ಲಿ, ಜೂನಿನಿಂದ ಆಗಸ್ಟ್‌ವರೆಗೆ.

ಒಂದೇ ಹಣ್ಣನ್ನು ಮೂರು ಕಡೆಯ ಜನ ಮೂರು ರೀತಿಯಲ್ಲಿ ಉಳಿಸಿಕೊಂಡರು. ಉತ್ತರ ಕನ್ನಡದವರು ಸಿಪ್ಪೆಯನ್ನು ಒಣಗಿಸಿಟ್ಟರು, ಬೀಜದಿಂದ ತುಪ್ಪ ತೆಗೆದರು. ಕೇರಳದವರು ಸಿಪ್ಪೆಗೆ ಹೊಗೆ ಕೊಟ್ಟು ಕಪ್ಪು ಮಾಡಿ ಮೀನಿನ ಸಾರಿಗೆ ಹಾಕಿದರು. ಕೊಡಗಿನವರು ಮಾತ್ರ ರಸ ಇಳಿಸಿದರು. ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿ, ಕೆಳಗೊಂದು ಪಾತ್ರೆ ಇಟ್ಟು ಕೆಲವು ದಿನ ಬಿಟ್ಟರೆ ಹಣ್ಣು ಕೊಳೆತು ಮೆತ್ತಗಾಗಿ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ ಒಲೆಗೇರಿಸಿ ಗಂಟೆಗಟ್ಟಲೆ ಕುದಿಸಬೇಕು. ತೆಳುವಾಗಿದ್ದದ್ದು ಕಂದಾಗಿ, ಕಂದಿದ್ದದ್ದು ಕಪ್ಪಾಗಿ, ಕೊನೆಗೆ ಚಮಚಕ್ಕೆ ಅಂಟುವ ಹದಕ್ಕೆ ಬರುತ್ತದೆ. ಬುಟ್ಟಿ ತುಂಬ ಹಣ್ಣು ಹಾಕಿದರೂ ಕೈಗೆ ಸಿಗುವುದು ಸ್ವಲ್ಪವೇ ರಸ. ಉಪ್ಪಿಲ್ಲ, ಸಕ್ಕರೆಯಿಲ್ಲ, ಸಂರಕ್ಷಕವಿಲ್ಲ. ಆದರೂ ವರ್ಷಗಟ್ಟಲೆ ಕೆಡದು. ಅಷ್ಟು ಹುಳಿಯಲ್ಲಿ ಕೆಡಿಸುವ ಜೀವಾಣುಗಳು ಬದುಕುವುದೇ ಕಷ್ಟ.

ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಮೆಂತ್ಯದ ಕಪ್ಪು ಪುಡಿಯೊಂದಿಗೆ ಹಂದಿ ಮಾಂಸ ತನ್ನ ಕೊಬ್ಬಿನಲ್ಲೇ ಬೆಂದ ಮೇಲೆ, ಕೊನೆಯಲ್ಲಿ ಬೀಳುವುದು ಒಂದೆರಡು ಚಮಚ ಕಾಚಂಪುಳಿ. ಅದು ಬಿದ್ದೊಡನೆ ಜಿಡ್ಡಿನ ಭಾರ ಇಳಿಯುತ್ತದೆ, ಬಣ್ಣ ಏರುತ್ತದೆ. ಕೈಲ್‌ಪೋಳ್ದ್ ಹಬ್ಬದ ಕಡುಬಿಗೆ ಇದರ ಜೋಡಿ ತಪ್ಪಿದ್ದಲ್ಲ. ಮಳೆಗಾಲಕ್ಕೆಂದು ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿಟ್ಟ ಮಾಂಸಕ್ಕೂ, ಹೊಳೆಮೀನಿಗೂ, ಕಾಡಣಬೆಗೂ ಇದು ಸೈ. ಹುಣಸೆಯ ಹುಳಿ ನಾಲಿಗೆಯ ಮೇಲೆ ಹರಡಿ ನಿಧಾನವಾಗಿ ಇಳಿದರೆ, ಕಾಚಂಪುಳಿಯದು ಚುಚ್ಚಿ ಎಬ್ಬಿಸುವ ಹುಳಿ, ಹಿಂದೆ ಹಣ್ಣಿನ ಮತ್ತು ಹೊಗೆಯ ಮಸುಕು ನೆನಪು. ಹುಣಸೆ ಹಾಕುವ ಜಾಗದಲ್ಲಿ ಅದೇ ಅಳತೆ ಕಾಚಂಪುಳಿ ಸುರಿದರೆ ಅಡುಗೆ ಕೆಟ್ಟಂತೆಯೇ. ಹನಿ ಲೆಕ್ಕದಲ್ಲಿ ಹಾಕಿ, ರುಚಿ ನೋಡಿ ಮುಂದುವರಿಯಬೇಕು.

ಮೈಸೂರಿನಲ್ಲಿ ಬಯಲಾದ ಗುಟ್ಟು

ಈ ಹುಳಿಯ ಹಿಂದಿನ ರಸಾಯನ ಬಯಲಾದದ್ದೂ ನಮ್ಮ ನಾಡಿನಲ್ಲೇ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಉಪ್ಪಾಗೆಯ ಹುಳಿಯೂ ಇವೇ ಇರಬೇಕೆಂದು ಮೊದಲು ಭಾವಿಸಲಾಗಿತ್ತು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್ ಅದು ಹಾಗಲ್ಲವೆಂದು ತೋರಿಸಿದರು. ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬ ಅವರ ಪ್ರಬಂಧ 1965ರಲ್ಲಿ ಪ್ರಕಟವಾಯಿತು.

ಆಮೇಲೆ ನಡೆದದ್ದು ಬೇರೆಯೇ ಕಥೆ. ಈ ಆಮ್ಲ ದೇಹದಲ್ಲಿ ಕೊಬ್ಬು ತಯಾರಾಗುವುದನ್ನು ತಡೆಯಬಹುದೆಂಬ ಸುಳಿವು ಸಿಕ್ಕಿದ್ದೇ ತಡ, 1990ರ ದಶಕದಲ್ಲಿ ಪರದೇಶಗಳಲ್ಲಿ ‘ತೂಕ ಇಳಿಸುವ ಗಾರ್ಸೀನಿಯ ಮಾತ್ರೆ’ಗಳ ಸುಗ್ಗಿ. ನಮ್ಮ ಕಾಡಿನ ಸಿಪ್ಪೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಬಂತು. 135 ಮಂದಿಯನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಗಾರ್ಸೀನಿಯ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ! ಗಾರ್ಸೀನಿಯ ಸೇರಿದ ತೂಕದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಮುಂದೆ ವರದಿಯಾದವು. ಅಡುಗೆಗೆ ಹಾಕುವ ಒಂದೆರಡು ಚಮಚ ಹುಳಿಗೂ ದಿನವೂ ನುಂಗುವ ಸಾಂದ್ರ ಮಾತ್ರೆಗೂ ಅಜಗಜಾಂತರವಿದೆ. ಕಾಚಂಪುಳಿ ಇರುವುದು ರುಚಿಗೆ, ಸೊಂಟದ ಸುತ್ತಳತೆಗಲ್ಲ.

‘ನೈಸರ್ಗಿಕ’ ಎಂಬ ಮಾತು

ಮಾತ್ರೆಯ ಡಬ್ಬಿಯ ಮೇಲಿರಲಿ, ಸಾಸಿನ ಬಾಟಲಿಯ ಮೇಲಿರಲಿ, ದೊಡ್ಡಕ್ಷರದಲ್ಲಿ ಎದ್ದು ಕಾಣುವ ಪದ ‘ನೈಸರ್ಗಿಕ’. ಇದಕ್ಕೆ ನಮ್ಮಲ್ಲಿ ಕಾನೂನಿನ ಕಟ್ಟುಪಾಡಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಜಾಹೀರಾತುಗಳ ಬಗ್ಗೆ ಹೊರಡಿಸಿದ ನಿಯಮಾವಳಿಯ ಪ್ರಕಾರ, ಬೇರೇನೂ ಬೆರೆಸದ, ಗಿಡ, ಪ್ರಾಣಿ, ಖನಿಜಗಳಂಥ ಮೂಲದಿಂದ ಬಂದ ಒಂಟಿ ಪದಾರ್ಥವನ್ನು ಮಾತ್ರ ‘ನೈಸರ್ಗಿಕ’ ಎನ್ನಬಹುದು. ಹಲವು ಪದಾರ್ಥ ಸೇರಿಸಿ ಮಾಡಿದ್ದನ್ನು ಹಾಗೆ ಕರೆಯುವಂತಿಲ್ಲ. ಎಲ್ಲ ಪದಾರ್ಥಗಳೂ ಆ ಕಟ್ಟಳೆಗೆ ಒಳಪಟ್ಟರೆ ಹೆಚ್ಚೆಂದರೆ ‘ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು’ ಎನ್ನಬಹುದು. ಅಂದರೆ ಬಾರ್ಬೆಕ್ಯೂ ಸಾಸ್ ಎಷ್ಟೇ ಶುದ್ಧವಾಗಿದ್ದರೂ ಬರೀ ‘ನೈಸರ್ಗಿಕ’ ಎಂಬ ಬಿರುದಿಗೆ ಅರ್ಹವಲ್ಲ. ಬರೀ ಹಣ್ಣಿನ ರಸ ಬತ್ತಿಸಿದ ಕಾಚಂಪುಳಿ ಆ ಮಾತಿನ ಅರ್ಥಕ್ಕೆ ಎಷ್ಟೋ ಹತ್ತಿರ!

ಬಾಟಲಿ ಕೊಳ್ಳುವವರು ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣಕ್ಷರ ಓದುವುದು ಲೇಸು. ಪದಾರ್ಥಗಳನ್ನು ಹೆಚ್ಚಿನ ತೂಕದಿಂದ ಕಡಿಮೆ ತೂಕದ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರೇ ಸಕ್ಕರೆಯಾದರೆ ನೀವು ಕೊಳ್ಳುತ್ತಿರುವುದು ಹೊಗೆ ವಾಸನೆಯ ಪಾಕ ಎಂದರ್ಥ. ಐಎನ್‌ಎಸ್ 211 ಎಂದರೆ ಸೋಡಿಯಂ ಬೆಂಜೊಯೇಟ್, 202 ಎಂದರೆ ಪೊಟ್ಯಾಸಿಯಂ ಸಾರ್ಬೇಟ್. ಎರಡೂ ಕೆಡದಂತೆ ಕಾಯುವ ರಾಸಾಯನಿಕಗಳು. 415 ಮಂದ ಮಾಡುವ ಜಾಂಥನ್ ಗೋಂದು. 150ಡಿ ಕ್ಯಾರಮೆಲ್ ಬಣ್ಣ. ಇವೆಲ್ಲ ಮಿತಿಯಲ್ಲಿ ಬಳಸಲು ಅನುಮತಿ ಪಡೆದವೇ, ವಿಷವೇನಲ್ಲ. ಆದರೆ ಒಂದೊಂದೂ ಯಾವ ಕೆಲಸಕ್ಕೆ ಬದಲಿಯಾಗಿ ಬಂದಿದೆ ನೋಡಿ: ಒಂದು ಹುಳಿಯ ಬದಲು, ಒಂದು ಕುದಿಸುವ ಹೊತ್ತಿನ ಬದಲು, ಒಂದು ಹಳೆಯ ಹುಣಸೆಯ ಬದಲು. ಒಟ್ಟಿನಲ್ಲಿ ಎಲ್ಲವೂ ಸಮಯದ ಬದಲು.

ಹಾಗೆಂದು ಮನೆಯಲ್ಲಿ ಮಾಡಿದ್ದೆಲ್ಲ ಅಮೃತವೂ ಅಲ್ಲ. ಬೆಲ್ಲವೂ ಸಕ್ಕರೆಯ ಜಾತಿಯೇ. ಮಧುಮೇಹಿಗಳಿಗೆ ಅದು ರಿಯಾಯಿತಿ ಕೊಡುವುದಿಲ್ಲ. ಬೆಲ್ಲ ಕೊಳ್ಳುವಾಗ ಹೊಳೆಯುವ ಹಳದಿ ಅಚ್ಚಿಗೆ ಮರುಳಾಗಬೇಡಿ. ಬಣ್ಣ ತಿಳಿಯಾಗಿಸಲು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿಯಿದೆ. ಸಾಸಿಗೆ ಹೇಗೂ ಕಪ್ಪು ಬೆಲ್ಲವೇ ಚೆನ್ನ. ಕಾಚಂಪುಳಿಗೂ ಅಷ್ಟೆ. ಬೆಲೆ ಹೆಚ್ಚಿರುವಲ್ಲಿ ಕಲಬೆರಕೆಯ ಭಯ ಇದ್ದದ್ದೇ. ರಸ್ತೆ ಬದಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಬದಲು ಗೊತ್ತಿದ್ದ ಮನೆಯವರಿಂದ ತರುವುದು ಕ್ಷೇಮ.

ಯಾವಾಗ ಹಚ್ಚಬೇಕು?

ಕೆಂಡದ ಅಡುಗೆಯಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸಿಹಿ ಸಾಸನ್ನು ಮೊದಲೇ ಬಳಿದು ಬೆಂಕಿಗಿಟ್ಟರೆ ಬೆಲ್ಲ ಸೀದು ಕಹಿಯಾಗುತ್ತದೆ, ಒಳಗೆ ಮಾಂಸ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಕೆಲಸವನ್ನು ಎರಡು ಮಾಡಿಕೊಳ್ಳಬೇಕು. ಮೊದಲು ನೆನೆಸುವುದು: ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ, ಮೆಣಸು ಮತ್ತು ಸ್ವಲ್ಪ ಹುಳಿ, ಬೆಲ್ಲ ಬೇಡ. ಕೋಳಿಗೆ ಒಂದೆರಡು ಗಂಟೆ ಸಾಕು, ಮೀನಿಗೆ ಅರ್ಧ ಗಂಟೆ. ಗಾಢ ಹುಳಿಯಲ್ಲಿ ರಾತ್ರಿಯೆಲ್ಲ ಬಿಟ್ಟರೆ ಮಾಂಸದ ಹೊರಪದರ ಹಿಟ್ಟು ಹಿಟ್ಟಾಗುತ್ತದೆ. ಎರಡನೆಯದು ಬಳಿಯುವುದು: ಮುಕ್ಕಾಲು ಬೆಂದ ಮೇಲೆ, ಕೊನೆಯ ಐದು-ಹತ್ತು ನಿಮಿಷದಲ್ಲಿ ಸಾಸನ್ನು ತೆಳುವಾಗಿ ಎರಡು ಮೂರು ಬಾರಿ ಸವರಬೇಕು. ಆಗ ಅದು ಹೊಳಪಿನ ಪೊರೆಯಾಗಿ ಕೂರುತ್ತದೆ.

ಉರಿ ಎದ್ದಿರುವಾಗ ಬೇಯಿಸಬಾರದು. ಬೂದಿ ಮುಚ್ಚಿದ ಕೆಂಡವಾಗಲಿ. ಕೊಬ್ಬು ಬೆಂಕಿಗೆ ತೊಟ್ಟಿಕ್ಕಿ ಏಳುವ ದಟ್ಟ ಹೊಗೆಯಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ವಸ್ತುಗಳಿರುತ್ತವೆ. ಸೀದು ಇದ್ದಿಲಾದ ಭಾಗವನ್ನು ಕಿತ್ತು ಬಿಸಾಡುವುದೇ ಜಾಣತನ. ಹಸಿ ಮಾಂಸ ನೆನೆಸಿದ ರಸವನ್ನು ಕುದಿಸದೆ ಮತ್ತೆ ಬಳಿಯಬಾರದು. ಹುಳಿ ಕುದಿಸಲು ಮಣ್ಣಿನ ಮಡಕೆ ಅಥವಾ ಸ್ಟೀಲ್ ಪಾತ್ರೆ ಬೇಕು. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ಹಿತ್ತಾಳೆ ಖಂಡಿತ ಬೇಡ.

ಮಾಂಸಾಹಾರಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಹಾಸನದ ಆಲೂಗಡ್ಡೆಯನ್ನು ಅರ್ಧ ಬೇಯಿಸಿ ಸೀಳಿ ಕೆಂಡಕ್ಕಿಟ್ಟು ಸಾಸ್ ಸವರಿ ನೋಡಿ. ಸುಟ್ಟ ಜೋಳದ ತೆನೆಗೆ ನಿಂಬೆಹುಳಿ-ಖಾರದ ಬದಲು ಇದನ್ನೇ ಉಜ್ಜಿ. ಅಣಬೆ, ಪನೀರ್, ಗೆಣಸು, ಅನಾನಸ್ ಹೋಳು, ಎಲ್ಲಕ್ಕೂ ಹೊಂದುತ್ತದೆ. ಉಳಿದದ್ದು ಬೆಳಗಿನ ರೊಟ್ಟಿಗೆ, ದೋಸೆಗೆ.

ಮರ ಉಳಿದರೆ ಹುಳಿ

ಇಷ್ಟೆಲ್ಲ ಹೇಳಿದ ಮೇಲೆ ಕಹಿ ಮಾತೊಂದನ್ನು ಹೇಳದೆ ಮುಗಿಸುವಂತಿಲ್ಲ. ನೈಸರ್ಗಿಕವಾದುದಕ್ಕೂ ಬೆಲೆಯಿದೆ; ಅದನ್ನು ತೆರುವುದು ಕಾಡು. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯನ್ನು ಬಿಸಿಲಿಗೆ ಒಣಗಿಸಲಾಗದು. ಸಿಪ್ಪೆ ಒಣಗಿಸಲೂ ರಸ ಬತ್ತಿಸಲೂ ರಾಶಿ ಸೌದೆ ಉರಿಯಬೇಕು. ಬೆಲೆ ಏರಿದ ವರ್ಷಗಳಲ್ಲಿ ‘ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ’ ಎಂಬ ಅವಸರಕ್ಕೆ ಕಾಯಿಯನ್ನೇ ಕಿತ್ತು, ಕೊಂಬೆ ಕಡಿದದ್ದೂ ಉಂಟು. ಹಣ್ಣೆಲ್ಲ ಮನುಷ್ಯನ ಪಾಲಾದರೆ ಮಂಗಗಳು ತಿನ್ನುವುದೇನನ್ನು? ಬೀಜ ಬೀಳುವುದೆಲ್ಲಿ?

ಈ ಮರದಲ್ಲಿ ಗಂಡು-ಹೆಣ್ಣು ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಮರ. ಗಂಡು ಮರ ದಂಡವೆಂದು ಕಡಿದರೆ ಪರಾಗವಿಲ್ಲದೆ ಹೆಣ್ಣಿನ ಫಸಲೂ ಕುಗ್ಗುತ್ತದೆ. ಬೀಜದ ಸಸಿ ಫಲ ಕೊಡಲು ವರ್ಷಾನುಗಟ್ಟಲೆ ಕಾಯಬೇಕು. ಗಂಡೋ ಹೆಣ್ಣೋ ಎಂಬುದು ಹೂ ಬಿಟ್ಟ ಮೇಲೆಯೇ ಗೊತ್ತು. ಕಸಿ ಗಿಡದಲ್ಲಿ ಆ ತೊಂದರೆ ಕಡಿಮೆ. ಕಾಫಿ ತೋಟದ ನೆರಳಿನಲ್ಲಿ, ಬೇಲಿಯ ಅಂಚಿನಲ್ಲಿ ಒಂದೆರಡು ಕಸಿ ಗಿಡ ನೆಟ್ಟವರು ಕಾಡಿನ ಭಾರವನ್ನು ಅಷ್ಟರಮಟ್ಟಿಗೆ ಇಳಿಸಿದಂತೆ. ಬಿದ್ದ ಹಣ್ಣು ಆರಿಸಿ, ಒಂದಿಷ್ಟು ಮರದಲ್ಲೇ ಬಿಡುವುದೂ ಸೇವೆಯೇ.

ಬಯಲಿನ ಕಥೆಯೂ ಭಿನ್ನವಲ್ಲ. ರಸ್ತೆ ಅಗಲವಾದಾಗ ಮೊದಲು ಉರುಳುವುದು ಸಾಲುಮರದ ಹುಣಸೆ. ಇದ್ದ ಮರದ ಹಣ್ಣು ಬಡಿಯಲು ಆಳಿಲ್ಲ, ಕುಟ್ಟಿ ನಾರು ಬಿಡಿಸಲು ಕೂರುವವರಿಲ್ಲ. ಮಡಕೆಯ ಹುಣಸೆ ಹೋಗಿ ಪೊಟ್ಟಣದ ಹುಣಸೆ ಬಂತು, ಅದೂ ಹೋಗಿ ಬಾಟಲಿಯ ಪೇಸ್ಟು ಬಂತು. ಮುಂದಿನದು ಬಾರ್ಬೆಕ್ಯೂ ಸಾಸೇ!

ಆದರೂ ನಿರಾಶರಾಗಬೇಕಿಲ್ಲ. ಕೆಂಡದ ಸುತ್ತ ಕುಳಿತು ತಿನ್ನುವ ಆಸೆ ಹೊಸ ತಲೆಮಾರಿಗೆ ಬಂದಿರುವುದು ಒಳ್ಳೆಯ ಲಕ್ಷಣವೇ. ಅಮೆರಿಕದ ಒಂದೊಂದು ಸೀಮೆಗೆ ಒಂದೊಂದು ಸಾಸ್ ಇರುವಂತೆ ಕೊಣನೂರು-ಮಾಕುಟ್ಟ ದಾರಿಗೂ ಒಂದು ಇರಲಿ: ಈ ತುದಿಯ ಹುಣಸೆ, ಆ ತುದಿಯ ಕಾಚಂಪುಳಿ, ನಡುವೆ ಬಯಲಿನ ಬೆಲ್ಲ ಮತ್ತು ಕೊಡಗಿನ ಕಾಳುಮೆಣಸು. ಮುಂದಿನ ಸಲ ತೂಗುಸೇತುವೆ ನೋಡಿ ಕೊಡಗಿಗೆ ಹೊರಟವರು ಚೀಲದಲ್ಲಿ ಇದರ ಬಾಟಲಿಯನ್ನೇ ಇಟ್ಟುಕೊಂಡು ಹೋಗಬಹುದಲ್ಲ?

ನೀವೂ ಮಾಡಿ: ಕೆಂಡದ ಗೊಜ್ಜು

ಬೇಕಾಗುವ ಸಾಮಾನು: ಹಳೆಯ ಹುಣಸೆಹಣ್ಣು 50 ಗ್ರಾಂ, ಕಪ್ಪು ಬೆಲ್ಲ 100 ಗ್ರಾಂ, ಹಣ್ಣು ಟೊಮೆಟೊ 4, ಈರುಳ್ಳಿ 2, ಬೆಳ್ಳುಳ್ಳಿ 1 ಗೆಡ್ಡೆ, ಬ್ಯಾಡಗಿ ಮೆಣಸಿನಕಾಯಿ 8, ಕಾಳುಮೆಣಸು 1 ಚಮಚ, ಜೀರಿಗೆ 1 ಚಮಚ, ಸಾಸಿವೆ ಅರ್ಧ ಚಮಚ, ಮೆಂತ್ಯ ಕಾಲು ಚಮಚ, ಗಟ್ಟಿ ಹುರುಳಿ ಕಟ್ಟು ಅರ್ಧ ಲೋಟ (ಇದ್ದರೆ), ಕಾಚಂಪುಳಿ 1 ಚಮಚ, ರುಚಿಗೆ ಉಪ್ಪು.

ಮಾಡುವ ವಿಧಾನ: ಹುಣಸೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ನೆನೆಸಿ ಗಟ್ಟಿ ರಸ ತೆಗೆಯಿರಿ. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಇಡಿಯಾಗಿ ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು ಸುಲಿಯಿರಿ. ಹೊಗೆಯ ರುಚಿ ಬರುವುದು ಇಲ್ಲಿಂದಲೇ. ತೆಂಗಿನ ಚಿಪ್ಪಿನ ಕೆಂಡವಾದರೆ ಇನ್ನೂ ಸೊಗಸು. ಮೆಣಸಿನಕಾಯಿ ಮತ್ತು ಮಸಾಲೆ ಕಾಳುಗಳನ್ನು ಎಣ್ಣೆಯಿಲ್ಲದೆ ಬೇರೆ ಬೇರೆಯಾಗಿ ಹುರಿದುಕೊಳ್ಳಿ, ಮೆಂತ್ಯ ಸೀಯದಿರಲಿ. ಎಲ್ಲವನ್ನೂ ನುಣ್ಣಗೆ ರುಬ್ಬಿ, ಹುಣಸೆ ರಸ, ಬೆಲ್ಲ, ಹುರುಳಿ ಕಟ್ಟು, ಉಪ್ಪು ಬೆರೆಸಿ ಸಣ್ಣ ಉರಿಯಲ್ಲಿ 30-40 ನಿಮಿಷ ಕುದಿಸಿ. ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಸೌಟಿನ ಬೆನ್ನಿಗೆ ಅಂಟಿ ನಿಲ್ಲುವ ಹದಕ್ಕೆ ಬಂದಾಗ ಕಾಚಂಪುಳಿ ಹನಿಸಿ, ಒಂದು ಕುದಿ ಬಂದೊಡನೆ ಇಳಿಸಿ. ಕಾಚಂಪುಳಿ ಸಿಗದಿದ್ದರೆ ನೆನೆಸಿ ಹಿಂಡಿದ ಉಪ್ಪಾಗೆ ಸಿಪ್ಪೆಯ ರಸವೂ ಆದೀತು. ತಣಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಒದ್ದೆ ಚಮಚ ಮುಟ್ಟಿಸದೆ ಎರಡು ವಾರದೊಳಗೆ ಖರ್ಚು ಮಾಡಿ. ಬಾಟಲಿಯ ಮೇಲೆ ‘ನೈಸರ್ಗಿಕ’ ಎಂದು ಬರೆಯುವ ಅಗತ್ಯವಿಲ್ಲ. ಬೆರಳು ಚೀಪಿದವರಿಗೆ ತಾನಾಗಿ ಗೊತ್ತಾಗುತ್ತದೆ.